ಒದೆಗೊಂದು ಸರದಿ

ತುರುವೇಕೆರೆ
12 ಡಿಸೆಂಬರ್ 2023

ಅಪ್ಪಾಜಿಗೆ,

ತೀರ್ಥರೂಪು, ಸಾಷ್ಟಾಂಗ ಎಂದೆಲ್ಲ ಬರೆಯಬೇಕೆಂದು ನೀವೇ ಹೇಳಿಕೊಟ್ಟಿದ್ದಿರಿ. ಈವತ್ತು ಅದಕ್ಕೆ ಕೈ ಬರುತ್ತಿಲ್ಲ. ನಮಸ್ಕಾರ ಇಟ್ಟುಕೊಳ್ಳಿ, ಸಾಕು.

ನಿಮ್ಮ ನಂಬರ್ ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನಾನು ಈಗಲೂ ಎದ್ದು ನಿಂತುಬಿಡುತ್ತೇನೆ, ಆಡಬೇಕೆಂದುಕೊಂಡ ಮಾತು ಮರೆತುಹೋಗುತ್ತದೆ. ಕಾಗದದಲ್ಲಾದರೆ ಕೂತುಕೊಂಡು ಕೇಳಬಹುದು.

ಭಾನುವಾರ ತಿಪಟೂರಿನ ಕಲ್ಯಾಣ ಮಂಟಪದಲ್ಲಿ ಕಬಡ್ಡಿ ಲೀಗಿಗೆ ಹುಡುಗಿಯರನ್ನು ಆರಿಸುವಾಗ ನಾನು ಹಿಂದಿನ ಸಾಲಿನಲ್ಲಿದ್ದೆ. ಲೀಗ್ ನಡೆಸುವ ಅರುಣ್ ಕುಮಾರ್ ಮೈಕ್ ಹಿಡಿದು, ನಮ್ಮಲ್ಲಿ ಹರಾಜಿಲ್ಲ, ಅಮೆರಿಕದವರ ಫುಟ್‌ಬಾಲ್‌ನಲ್ಲಿ ಮಾಡುವ ಹಾಗೆ ಪ್ರತಿ ತಂಡವೂ ಸರದಿ ಬಂದಾಗ ಒಬ್ಬಳ ಹೆಸರು ಕೂಗಿ ಕರೆದುಕೊಳ್ಳಬೇಕು ಎಂದರು. ತಿಪಟೂರು ತಂಡಕ್ಕೆ ಆರಿಸುವವರು ನೀವು. ಬಿಳಿಗೆರೆಯ ಪಿ.ಟಿ. ಮೇಷ್ಟ್ರು, ಹುಡುಗಿಯರ ಕಾಲು ನೋಡಿಯೇ ಆಟ ಹೇಳುವವರು ಎಂದು ಎಲ್ಲರೂ ನಿಮ್ಮ ಬಾಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಮೊದಲ ಸರದಿಗೆ ಬೇಡ, ಅಷ್ಟು ಆಸೆ ನನಗಿರಲಿಲ್ಲ. ಎರಡನೆಯದಕ್ಕೆ ಬಗ್ಗಿ ಚಪ್ಪಲಿ ಹಾಕಿಕೊಂಡೆ, ಕರೆದರೆ ಎದ್ದು ಹೋಗಲು.

ನೀವು ಕಂದಿಕೆರೆಯ ಕೃತಿಕಾಳನ್ನು ಕರೆದಿರಿ. ಆಮೇಲೆ ತಂಡದ ಮಾಲೀಕರು ಬಸವಕುಮಾರ್ ತಾವಾಗಿ ನನ್ನ ಹೆಸರು ಎತ್ತಿದರು. ನೀವು ಮೈಕ್ ಹತ್ತಿರವಿದೆ ಎಂಬುದನ್ನೂ ನೋಡದೆ, "ಬರೀ ಒದೆಯಾಕೆ ಒಂದ್ ಸರದಿ ಕಳ್ಕೊಳ್ಳಾಕೆ ನಂಗೇನ್ ತಲೆ ಕೆಟ್ಟೈತಾ? ಬುಡಿ ಅತ್ಲಾಗೆ" ಎಂದಿರಿ. ಮಂಟಪವೆಲ್ಲ ನಕ್ಕಿತು. ನಗದೆ ಕೂತಿದ್ದವಳು ನಾನೊಬ್ಬಳೇ.

ಎಲ್ಲ ಮುಗಿದು ಶಾಮಿಯಾನ ಬಿಚ್ಚುವ ಹೊತ್ತಿಗೆ ತುರುವೇಕೆರೆಯ ಕೋಚ್ ನಿರ್ಮಲಕ್ಕ, "ಕೊನೇ ಸರದಿ ಹೆಂಗೂ ಹಾಳಾಗೋದೇ, ಆ ಮಗೀನೇ ಕೊಡ್ರಿ" ಎಂದು ನನ್ನನ್ನು ಕರೆದುಕೊಂಡರು. ಈಗ ಅವರ ಕ್ಯಾಂಪಿನಲ್ಲಿದ್ದೇನೆ.

ಆಟದಲ್ಲಿ ನನಗೆ ಬೆನ್ನು ತಿರುಗಿಸಿ ಹಿಂದಕ್ಕೆ ಒದೆಯುವುದು ಬಿಟ್ಟು ಬೇರೇನೂ ಬರುವುದಿಲ್ಲ ಎನ್ನುವುದು ನಿಜ. ಕಲಿಸಿದವರು ಯಾರು?

ಇಂಪನಾ


ಬಿಳಿಗೆರೆ
20 ಡಿಸೆಂಬರ್ 2023

ಚಿ. ಇಂಪನಾಳಿಗೆ,

ಕಾಗದ ಬಂತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೆಯೇ ಇದೆ. ನಿನ್ನ ಕೈಯಲ್ಲಿ ಏನಾದರೂ ಆದೀತು ಎಂದು ಕಾಯುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.

ಅಮೆರಿಕದವರ ಆ ಆಟವನ್ನು ಮೊಬೈಲಿನಲ್ಲಿ ಕೂತು ನೋಡಿದೆ. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಕೆಲಸವೇ ಕಮ್ಮಿ. ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಒದೆಯುವುದಕ್ಕೆಂದೇ ಒಬ್ಬನನ್ನು ಬೇರೆ ಇಟ್ಟಿರುತ್ತಾರೆ. ಮಿಕ್ಕವರು ಮೂಗಿನ ರಕ್ತ ಒರೆಸಿಕೊಳ್ಳುವಾಗ ಅವನು ಒಗೆದ ಬಟ್ಟೆಯಲ್ಲಿ ಬೆಂಚಿನ ಮೇಲೆ ಕೂತಿರುತ್ತಾನೆ. ಕರೆದರೆ ಬರುತ್ತಾನೆ, ಒಮ್ಮೆ ಒದೆಯುತ್ತಾನೆ, ಹೋಗಿ ಕೂರುತ್ತಾನೆ. ಅಂಥವನನ್ನು ಅವರು ಕೊನೆಯ ಸರದಿಗೆ ಉಳಿಸುತ್ತಾರೆ. ಎಷ್ಟೋ ಸಲ ಸರದಿಯನ್ನೇ ಕೊಡುವುದಿಲ್ಲ, ಎಲ್ಲ ಮುಗಿದ ಮೇಲೆ ಹೊರಗೆ ನಿಂತವರಲ್ಲಿ ಒಬ್ಬನನ್ನು ಕರೆಯುತ್ತಾರೆ. ಒಂದು ತಂಡ ಆಸೆಬಿದ್ದು ಎರಡನೆಯ ಸುತ್ತಿನಲ್ಲೇ ಒಬ್ಬ ಒದೆಯುವವನನ್ನು ತೆಗೆದುಕೊಂಡು, ಒಂದೇ ವರ್ಷಕ್ಕೆ ಮನೆಗೆ ಕಳಿಸಿ ನಗೆಪಾಟಲಾಯಿತಂತೆ. ನೀನು ಚಪ್ಪಲಿ ಹಾಕಿಕೊಂಡೆ ಎಂದು ಬರೆದಿದ್ದೀಯಲ್ಲ, ಅದೇ ಎರಡನೆಯ ಸುತ್ತು.

ಮಗಳು ಎಂದು ಕರೆದಿದ್ದರೆ ಜನ ನನ್ನನ್ನು ನೋಡಿ ನಗುತ್ತಿದ್ದರು. ಕರೆಯದಿದ್ದಕ್ಕೆ ನಿನ್ನನ್ನು ನೋಡಿ ನಕ್ಕರು. ಇಬ್ಬರಲ್ಲಿ ಒಬ್ಬರು ನಗೆಗೀಡಾಗಲೇಬೇಕಿತ್ತು.

ಕಲಿಸಿದ್ದು ನಾನೇ. ಮಿಕ್ಕದ್ದನ್ನೂ ಕಲಿಸಲು ನೋಡಿದೆ. ಹಿಡಿತ ಬರಲಿಲ್ಲ, ಓಟ ಬರಲಿಲ್ಲ, ಧೈರ್ಯ ಬರಲಿಲ್ಲ. ಬಂದದ್ದು ಒಂದೇ. ಒಂದೇ ಬರುವವರನ್ನು ಎದುರಾಳಿ ಒಮ್ಮೆ ಅರ್ಥ ಮಾಡಿಕೊಂಡರೆ ಆಮೇಲೆ ಅವರು ಅಂಗಳದಲ್ಲಿ ಜಾಗ ದಂಡ. ಇದು ಆಟದ ಮಾತು. ಇದಕ್ಕೆ ಮುಖ ಊದಿಸಿಕೊಳ್ಳುವವಳು ಮನೆಯಲ್ಲೇ ಇರಬಹುದಿತ್ತು.

ಅಮ್ಮ ಚೆನ್ನಾಗಿದ್ದಾಳೆ. ಕೃತಿಕಾ ನಮ್ಮ ಮನೆಯಲ್ಲೇ ಇದ್ದು ಅಭ್ಯಾಸ ಮಾಡುತ್ತಿದ್ದಾಳೆ. ನಿನ್ನ ಕೋಣೆ ಖಾಲಿ ಇತ್ತು.

ಕರಿಬಸವಯ್ಯ
ತರಬೇತುದಾರ, ತಿಪಟೂರು ತಂಡ


ತುರುವೇಕೆರೆ
22 ಜನವರಿ 2024

ಅಪ್ಪಾಜಿಗೆ,

ನಿಮ್ಮ ಕಾಗದವನ್ನು ನಿರ್ಮಲಕ್ಕನಿಗೆ ಓದಿ ಹೇಳಿದೆ. ಅವರು, "ನಿಮ್ಮಪ್ಪ ಮೇಷ್ಟ್ರಾಗೇ ಹುಟ್ಟುದ್ರೇನೇ?" ಎಂದರು.

ಪೇಪರಿನಲ್ಲಿ ನೋಡಿರಬೇಕು. ಹಾಲ್ಕುರಿಕೆಯ ಪಂದ್ಯವನ್ನು ನನ್ನ ಒದೆಯಿಂದ ಗೆದ್ದೆವು. ಚಿಕ್ಕನಾಯಕನಹಳ್ಳಿಯವರ ಮೇಲೂ ಹಾಗೆಯೇ. ನಿರ್ಮಲಕ್ಕ ನನ್ನನ್ನು ಮೊದಲಿನಿಂದ ಆಡಿಸುವುದಿಲ್ಲ. ಬೆಂಚಿನಲ್ಲಿ ಕೂರಿಸಿ ಕೊನೆಯಲ್ಲಿ ಕಳಿಸುತ್ತಾರೆ. ನಾನು ಗೆರೆ ದಾಟಿ ಹೋಗುತ್ತೇನೆ, ವಾಪಸ್ ಓಡುವವಳ ಹಾಗೆ ಬೆನ್ನು ತಿರುಗಿಸುತ್ತೇನೆ, ಹಿಡಿಯಲು ಬಂದವಳ ಎದೆಗೆ ಹಿಂದಕ್ಕೆ ಒದ್ದ ಕಾಲು ತಾಗುತ್ತದೆ, ಅಷ್ಟರಲ್ಲಿ ಮಧ್ಯಗೆರೆಗೆ ಬಂದಿರುತ್ತೇನೆ. ಕಾಯಿಯನ್ನು ಅಟ್ಟದ ಮೇಲೆ ಇಟ್ಟು ವರ್ಷವಿಡೀ ಮುಟ್ಟದೆ ಕೊಬ್ಬರಿ ಮಾಡುವ ಊರಿನವರು ನಾವು. ಸುಮ್ಮನೆ ಕೂತದ್ದು ದಂಡ ಎಂದು ನೀವು ಹೇಗೆ ಹೇಳುತ್ತೀರಿ?

ಅಮೆರಿಕದವನ ವಿಷಯವನ್ನು ಅರುಣ್ ಕುಮಾರ್ ಅವರನ್ನು ಕೇಳಿದೆ. ಬೆಂಚಿನ ಮೇಲೆ ಒಗೆದ ಬಟ್ಟೆಯಲ್ಲಿ ಕೂರುವ ಅವನೇ ಬಹಳ ತಂಡಗಳಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಮಾಡುವವನಂತೆ. ಪಂದ್ಯ ಕೊನೆಯ ಗಳಿಗೆಗೆ ನಿಂತಾಗ ರಕ್ತ ಒರೆಸಿಕೊಳ್ಳುವವರೆಲ್ಲ ತಿರುಗಿ ಅವನನ್ನೇ ನೋಡುತ್ತಾರಂತೆ. ಇದನ್ನು ನೀವು ಬರೆಯಲಿಲ್ಲ.

ಅಪ್ಪಾಜಿ, ಜಗಳಕ್ಕೆ ಬರೆಯುತ್ತಿಲ್ಲ. ಗೆದ್ದ ದಿನ ನಿಮ್ಮನ್ನೇ ನೆನೆಸಿಕೊಂಡೆ. ತೋಟದಲ್ಲಿ ನೀವು ಹಗ್ಗಕ್ಕೆ ಕಾಯಿ ಕಟ್ಟಿ ತೂಗುಬಿಡುತ್ತಿದ್ದಿರಿ. ನಾನು ಅದಕ್ಕೆ ಬೆನ್ನು ಹಾಕಿ ನಿಲ್ಲಬೇಕು. ನೀವು ಎರಡೂ ಅಂಗೈಯನ್ನು ಬಟ್ಟಲು ಮಾಡಿ ಒಂದೇ ಒಂದು ಚಪ್ಪಾಳೆ ತಟ್ಟುತ್ತಿದ್ದಿರಿ, ಒಣಗಾಯಿ ಒಡೆದ ಸದ್ದಿನ ಹಾಗೆ. "ಸದ್ದು ಬಿದ್ದೇಟ್ಗೆ ಕಾಲು ಹೋಗ್ಬೇಕು, ಯೋಚ್ನೆ ಆಮ್ಯಾಕೆ ಬರ್ಲಿ." ತಡವಾದರೆ ತೆಂಗಿನ ಕಡ್ಡಿಯಿಂದ ಮೀನಖಂಡಕ್ಕೆ ಬೀಳುತ್ತಿತ್ತು. ಒಮ್ಮೆ ನೀವು ಕೊಟ್ಟಿಗೆಯಲ್ಲಿ ಬೆಕ್ಕು ಓಡಿಸಲು ತಟ್ಟಿದಾಗ ಅಡುಗೆಮನೆಯಲ್ಲಿ ಕೂತಿದ್ದ ನಾನು ಹಾಲಿನ ಪಾತ್ರೆ ಒದ್ದು ಚೆಲ್ಲಿದ್ದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನೀವು ನನ್ನನ್ನು ನೋಡಿ ಸಂತೋಷಪಟ್ಟದ್ದು ನನಗೆ ನೆನಪಿರುವುದು ಅದೊಂದೇ.

ನಗಬೇಡಿ, ಈಗಲೂ ಹಾಗೆಯೇ. ಆರಿಸುವ ದಿನ ಅರುಣ್ ಕುಮಾರ್ ಭಾಷಣ ಮುಗಿಸಿದಾಗ ನೀವು ನಿಮ್ಮ ಥರ ಒಂದು ತಟ್ಟಿದಿರಿ. ಕುರ್ಚಿಯ ಕೆಳಗೆ ನನ್ನ ಬಲಗಾಲು ತಾನಾಗಿ ನೆಗೆಯಿತು.

ಒಂದು ಸಲ ಬಂದು ನನ್ನ ಆಟ ನೋಡಿ. ಅಷ್ಟೇ ಕೇಳುವುದು.

ನಿಮ್ಮ ಮಗಳು
ಇಂಪನಾ


ಬಿಳಿಗೆರೆ
3 ಫೆಬ್ರವರಿ 2024

ಚಿ. ಇಂಪನಾಳಿಗೆ,

ನಿನ್ನ ಕಾಗದ ಓದಿ ಸಂತೋಷವಾಯಿತು. ಎರಡು ಸಲ ಓದಿದೆ.

ಹಾಲ್ಕುರಿಕೆಯ ಪಂದ್ಯಕ್ಕೆ ನಾನು ಬಂದಿದ್ದೆ. ಹಿಂದೆ ನಿಂತು ನೋಡಿ ಹೊರಟುಬಂದೆ. ಒದೆ ಚೆನ್ನಾಗಿ ಕೂತಿದೆ. ಬೆನ್ನು ತಿರುಗಿಸುವ ಮುಂಚೆ ಎದುರಾಳಿಯನ್ನು ಇನ್ನೂ ಹತ್ತಿರ ಬರಗೊಡುವ ತಾಳ್ಮೆ ಈಗ ಬಂದಿದೆ. ಮೊದಲು ಇರಲಿಲ್ಲ.

ಹನ್ನೊಂದನೇ ತಾರೀಕು ಭಾನುವಾರ ನಿಮಗೂ ನಮಗೂ ತಿಪಟೂರಿನಲ್ಲಿ ಪಂದ್ಯ ಬಿದ್ದಿದೆ. ಗೆದ್ದವರು ಫೈನಲ್‌ಗೆ. ಚಳಿ ಇನ್ನೂ ಇದೆ, ಬಲಗಾಲಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊ. ಅಮ್ಮನೂ ನೋಡಲು ಬರುತ್ತಾಳೆ. ನೀನು ಬರುವುದು ಕೊನೆಯಲ್ಲಿ ಎಂದು ಹೇಳಿದ್ದೇನೆ. ಅಲ್ಲಿಯವರೆಗೆ ಕಾಯುತ್ತೇವೆ.

ಆಶೀರ್ವಾದಗಳೊಂದಿಗೆ
ಕರಿಬಸವಯ್ಯ


ತುರುವೇಕೆರೆ
19 ಫೆಬ್ರವರಿ 2024

ಕರಿಬಸವಯ್ಯನವರಿಗೆ,

ಕಣಕಾಲಿನ ಲಿಗಮೆಂಟ್ ಹರಿದಿದೆ. ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಹರಳೆಣ್ಣೆ ಹಚ್ಚಿಕೊಂಡೇ ಬಂದಿದ್ದೆ. ನಾನೆಂಥ ಪೆದ್ದಿ ನೋಡಿ, ನಿಮ್ಮ ಕಾಗದವನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಕೊನೆಯ ರೇಡಿಗೆ ನಿರ್ಮಲಕ್ಕ ನನ್ನ ಬೆನ್ನು ತಟ್ಟಿ ಕಳಿಸಿದಾಗ ಎರಡೂ ತಂಡ ಸಮ ಇದ್ದವು. ಜನ ಉಸಿರು ಹಿಡಿದು ಕೂತಿದ್ದರು. ನಿಮ್ಮ ಬೆಂಚಿನಲ್ಲಿ ನೀವು, ಹಿಂದೆ ಅಮ್ಮ. ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದೆ. ಕೃತಿಕಾ ಇನ್ನೂ ದೂರವಿದ್ದಳು. ನಾನು ಬೆನ್ನನ್ನೂ ಪೂರ್ತಿ ತಿರುಗಿಸಿರಲಿಲ್ಲ. ಆಗ ನೀವು ತಟ್ಟಿದಿರಿ.

ಕಾಲು ಹೋಯಿತು. ನಾನು ಕಳಿಸಲಿಲ್ಲ, ಅದೇ ಹೋಯಿತು. ಅಲ್ಲಿ ಒದೆಯಲು ಯಾರೂ ಇರಲಿಲ್ಲ. ಗಾಳಿಯಲ್ಲಿದ್ದ ಕಾಲನ್ನು ಕೃತಿಕಾ ಎರಡೂ ಕೈಯಿಂದ ಬಾಚಿಕೊಂಡಳು, ಮಿಕ್ಕವರು ಮೇಲೆ ಬಿದ್ದರು. ಕಣಕಾಲಿನಲ್ಲಿ ಏನೋ ಹರಿದದ್ದು ನನಗೇ ಕೇಳಿಸಿತು. ಜನ ಕೂಗಿದರು. ಆ ಕೂಗಿನೊಳಗೆ ಅಮ್ಮನ ದನಿಯೊಂದು ಕೇಳಿತು. "ಏನ್ರೀ ಮಾಡುದ್ರಿ? ಏನ್ ಮಾಡ್ಬುಟ್ರಿ?"

ಆಟ ನೋಡಲು ಬನ್ನಿ ಎಂದು ಕರೆದಿದ್ದೆ. ನೀವು ಬಂದಿರಿ. ಇನ್ನು ಕರೆಯುವುದಿಲ್ಲ.

ಇಂಪನಾ


ಬಿಳಿಗೆರೆ
2 ಮಾರ್ಚ್ 2024

ಚಿ. ಇಂಪನಾಳಿಗೆ,

ನಾನು ಒಂದೇ ಸಲ ಚಪ್ಪಾಳೆ ತಟ್ಟಿದೆ. ಯಾರಿಗೂ ಬೈಯಲಿಲ್ಲ, ಯಾರನ್ನೂ ಮುಟ್ಟಲಿಲ್ಲ, ನಿಯಮ ಮುರಿಯಲಿಲ್ಲ. ಅಂಗಳದ ಹೊರಗೆ ಒಬ್ಬ ಮುದುಕ ಕೈತಟ್ಟಿದರೆ ಆಟ ಮರೆಯುವ ಹುಡುಗಿಗೆ ಒಂದು ಸರದಿ ಕೊಡಬೇಕಿತ್ತೇ ಎಂದು ಈಗ ನಿರ್ಮಲಾ ಅವರನ್ನೇ ಕೇಳು.

ಅಮೆರಿಕದಲ್ಲೂ ಇದೇ ನಡೆಯುತ್ತದೆ. ಒದೆಯುವವನು ಕೊನೆಯ ಗಳಿಗೆಯಲ್ಲಿ ಕಾಲೆತ್ತಲು ನಿಂತಾಗ ಎದುರು ತಂಡದವರು ಬೇಕೆಂದೇ ಆಟ ನಿಲ್ಲಿಸುತ್ತಾರೆ. ನಿಂತು ಯೋಚನೆ ಮಾಡಲಿ, ಹೆದರಲಿ ಎಂದು. ಅವನಿಗೆ ಯೋಚನೆ ಬಂದರೆ ಕೆಟ್ಟ. ನಿನಗೆ ಯೋಚನೆ ಬಾರದೆ ಕೆಟ್ಟಿತು. ಒಂದೇ ವಿದ್ಯೆಯವರ ಕತೆ ಹೇಗೆ ನೋಡಿದರೂ ಇಷ್ಟೇ.

ಆ ಕಾಲು ಇನ್ನೂ ನನ್ನ ಮಾತು ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ನೀನೇ ಬರೆದು ತಿಳಿಸಿದೆ. ಪಂದ್ಯಕ್ಕೆ ಮಿಕ್ಕಿದ್ದ ದಿನಗಳಲ್ಲಿ ಕೃತಿಕಾಳನ್ನು ತಯಾರು ಮಾಡಿದೆ. ತಟ್ಟಿದ ಕೂಡಲೇ ಕಣ್ಣು ಮುಚ್ಚಿಯಾದರೂ ಮುಂದಕ್ಕೆ ಕಾಲಿನ ಎತ್ತರಕ್ಕೆ ಹಾರಬೇಕು, ಅಷ್ಟೇ. ಆ ಮಗು ನಿನಗಿಂತ ಬೇಗ ಕಲಿಯಿತು, ಕಡ್ಡಿಯ ಏಟು ಹೆಚ್ಚು ಬೇಕಾಗಲಿಲ್ಲ. ಒಂದು ಚಪ್ಪಾಳೆಗೆ ಎರಡು ಕೆಲಸ: ನಿನ್ನ ಕಾಲು ಎದ್ದಿತು, ಅವಳ ಕೈ ಬಿತ್ತು. ಇಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ಇಷ್ಟು ಅಚ್ಚುಕಟ್ಟಾದದ್ದು ನಾನು ಮಾಡಿರಲಿಲ್ಲ. ಫೈನಲ್ ಕೂಡ ಗೆದ್ದೆವು. ಬಸವಕುಮಾರ್ ನನಗೆ ಊರ ಮುಂದೆ ಹಾರ ಹಾಕಿದರು.

ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಬಡಿಸಿ ಒಳಗೆ ಹೋಗುತ್ತಾಳೆ. ನೀರಿರುವ ಕಾಯಿಯನ್ನು ಅಟ್ಟದಿಂದ ಕೆಡವಿ ಒಡೆದೆ ಎಂದು ಪಕ್ಕದ ಮನೆಯವರ ಹತ್ತಿರ ಅತ್ತಳಂತೆ. ಹೆಂಗಸರಿಗೆ ಆಟ ಗೊತ್ತಾಗುವುದಿಲ್ಲ. ನಿನಗಾದರೂ ಗೊತ್ತಾಗಬೇಕು.

ಕಾಲು ಕೂಡಿದ ಮೇಲೆ ಮನೆಗೆ ಬಾ. ಹಿಡಿತ ಕಲಿಸುತ್ತೇನೆ. ಇನ್ನು ಯಾರೂ ಕರೆಯುವುದಿಲ್ಲವಾದ್ದರಿಂದ ಬೇಕಾದಷ್ಟು ಸಮಯವಿದೆ.

ಕರಿಬಸವಯ್ಯ
ತರಬೇತುದಾರ, ತಿಪಟೂರು ತಂಡ


ತುರುವೇಕೆರೆ
28 ಡಿಸೆಂಬರ್ 2024

ಅಪ್ಪಾಜಿಗೆ,

ಇಷ್ಟು ದಿನ ಬರೆಯದಿದ್ದುದಕ್ಕೆ ತಪ್ಪು ತಿಳಿಯಬೇಡಿ. ಮನೆಗೆ ಬರಲಾಗಲಿಲ್ಲ. ನಿರ್ಮಲಕ್ಕ ಇಲ್ಲೇ ಇಟ್ಟುಕೊಂಡಿದ್ದಾರೆ.

ಕಾಲು ಕೂಡಿದೆ. ಡಾಕ್ಟರು ಏನೂ ತೊಂದರೆ ಇಲ್ಲ ಎಂದರು. ಆದರೆ ಒದೆಯಲು ಏಳುವುದಿಲ್ಲ. ಬೆನ್ನು ತಿರುಗಿಸಿದರೆ ಸಾಕು, ಎಲ್ಲಿಂದ ಸದ್ದು ಬರುತ್ತದೋ ಎಂದು ಮೈಯೆಲ್ಲ ಕಿವಿಯಾಗುತ್ತದೆ. ಈ ವರ್ಷವೂ ತಂಡದ ಪಟ್ಟಿಯಲ್ಲಿ ಹೆಸರಿದೆ, ಆಡುವುದಕ್ಕಲ್ಲ. ಬೆಂಚಿನಲ್ಲಿ ಕೂತು ನೀರಿನ ಬಾಟಲಿ ಕೊಡುತ್ತೇನೆ. ನೀವು ಹೇಳಿದ ಅಮೆರಿಕದವನ ಹಾಗೆ ಬಟ್ಟೆ ಕೊಳೆಯಾಗುವುದಿಲ್ಲ.

ಕೂತು ನೋಡುವುದರಲ್ಲಿ ಬಹಳ ಕಲಿತೆ. ನೀವು ಬರೆದದ್ದು ಸರಿ. ನಿಮ್ಮ ಮಾರ್ಚ್ ತಿಂಗಳ ಕಾಗದವನ್ನು ಎರಡು ಸಲ ಓದಿದೆ.

ಕೃತಿಕಾ ಚೆನ್ನಾಗಿ ಆಡುತ್ತಿದ್ದಾಳೆ ಎಂದು ಕೇಳಿದೆ. ಅವಳ ಹಿಡಿತದಿಂದಲೇ ತಿಪಟೂರು ನಿಂತಿದೆಯಂತೆ. ಚಳಿ ಜಾಸ್ತಿ, ಹರಳೆಣ್ಣೆ ಬಿಸಿ ಮಾಡಿ ಭುಜಕ್ಕೆ ಹಚ್ಚಿಕೊಳ್ಳಲು ಹೇಳಿ. ಫೆಬ್ರವರಿಯಲ್ಲಿ ನಿಮಗೂ ನಮಗೂ ಮತ್ತೆ ಪಂದ್ಯ ಬಿದ್ದಿದೆ. ನಾನು ಬೆಂಚಿನಲ್ಲಿರುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ.

ನಿಮ್ಮ ಮಗಳು
ಇಂಪನಾ


ತುರುವೇಕೆರೆ
14 ಫೆಬ್ರವರಿ 2025

ಅಪ್ಪಾಜಿಗೆ,

ನಾನು ಒಂದೇ ಸಲ ಚಪ್ಪಾಳೆ ತಟ್ಟಿದೆ.

ನಿಮಗೆ ಆಗಲೇ ಗೊತ್ತಾಗಿದೆ. ಆ ಗಳಿಗೆಯಲ್ಲಿ ನೀವು ಅಂಗಳ ನೋಡಲಿಲ್ಲ, ತಿರುಗಿ ನಮ್ಮ ಬೆಂಚಿನ ಕಡೆ ನೋಡಿದಿರಿ. ಇಡೀ ಮೈದಾನದಲ್ಲಿ ಆ ಸದ್ದು ನಿಮ್ಮ ಕೈಯಿಂದ ಬಂದದ್ದಲ್ಲ ಎಂದು ತಿಳಿದವರು ನಾವಿಬ್ಬರೇ.

ಅಂಗೈ ಬಟ್ಟಲು ಮಾಡುವುದು ಸುಲಭ. ಸದ್ದು ಒಣಗುವುದು ಕಷ್ಟ. ಮಳೆಗಾಲವೆಲ್ಲ ಅಭ್ಯಾಸ ಮಾಡಿದೆ, ಯಾರೂ ಇಲ್ಲದ ಕಡೆ. ಒಂದು ದಿನ ನಾನೇ ತಟ್ಟಿದ ಸದ್ದಿಗೆ ನನ್ನ ಕಾಲೇ ನೆಗೆಯಿತು. ಆವತ್ತು ಬಂತು ಎಂದುಕೊಂಡೆ.

ನಮ್ಮ ರೇಡರ್ ಇನ್ನೂ ಹತ್ತಿರ ಬಂದಿರಲಿಲ್ಲ. ಸದ್ದು ಬಿದ್ದೊಡನೆ ಕೃತಿಕಾ ಕಣ್ಣು ಮುಚ್ಚಿಕೊಂಡು ಹಾರಿದಳು. ಅಲ್ಲಿ ಹಿಡಿಯಲು ಕಾಲೇ ಇರಲಿಲ್ಲ. ಭುಜ ಅಡಿಯಾಗಿ ಬಿದ್ದಳು, ಕೊರಳ ಮೂಳೆ ಮುರಿಯಿತು. ನಮ್ಮವಳು ಬಿದ್ದಿದ್ದವಳ ಬೆನ್ನು ಮುಟ್ಟಿ ವಾಪಸ್ ಬಂದಳು. ಗೆದ್ದೆವು. ಬಸವಕುಮಾರ್ ನಿಮ್ಮ ಕೊರಳಪಟ್ಟಿ ಹಿಡಿದದ್ದನ್ನು ನೋಡಿದೆ. ಹಾರ ಹಾಕಿದ ಕೈಯೇ ಅದು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕೃತಿಕಾ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಸಾರ್ ಯಾಕಕ್ಕ ಆಗ ತಟ್ಟುದ್ರು? ನಾನೇನ್ ತಪ್ಪು ಮಾಡಿದ್ದೆ?" ಎಂದು ಅತ್ತಳು. ನಾನು, "ಗೊತ್ತಿಲ್ಲ ಕಣೇ. ನಂಗೂ ಹಿಂಗೇ ಮಾಡಿದ್ರು" ಎಂದೆ. ತಲೆ ಸವರಿದೆ. ನಿಮ್ಮ ಹೆಸರು ಕೇಳಿದರೆ ಸಾಕು, ಆ ಹುಡುಗಿ ಹೊದಿಕೆಯನ್ನು ಮುಖಕ್ಕೆ ಎಳೆದುಕೊಳ್ಳುತ್ತಾಳೆ.

ನನಗೆ ಪಾಪ ಅನ್ನಿಸಬೇಕಿತ್ತು. ಬಸ್ಸಿನಲ್ಲಿ ಕೂತು ಬಹಳ ಹೊತ್ತು ಕಾದೆ, ಅನ್ನಿಸಲಿಲ್ಲ.

ಕಾಲು ನನ್ನದು, ಕುಣಿಸಿದವರು ನೀವು ಎಂದು ಇಷ್ಟು ದಿನ ತಿಳಿದಿದ್ದೆ. ಕೈ ನೋಡಿಕೊಂಡೆ. ಕೈ ಪೂರ್ತಿ ನಿಮ್ಮದೇ.

ಇಂಪನಾ


ಬಿಳಿಗೆರೆ
23 ಫೆಬ್ರವರಿ 2025

ಚಿ. ಇಂಪನಾಳಿಗೆ,

ಬಸವಕುಮಾರ್ ಎಲ್ಲರೆದುರು, "ತಟ್ಟಿದ್ದು ನೀನೇನಯ್ಯಾ? ಮಗಳ ತಂಡಕ್ಕೆ ಮಾರ್ಕೊಂಡೇನಯ್ಯಾ?" ಎಂದು ಕೇಳಿದರು. ನಾನು ಹೌದು ಎಂದೆ. ತಂಡದಿಂದ ತೆಗೆದರು. ದಾರಿಯಲ್ಲಿ ಸಿಕ್ಕವರು ನನ್ನನ್ನು ನೋಡಿ ಮುಖ ತಿರುಗಿಸುತ್ತಾರೆ.

ನಿನ್ನ ಮೇಲಿನ ಕನಿಕರಕ್ಕೆ ಹೌದು ಎನ್ನಲಿಲ್ಲ. ನಿನ್ನ ಕೈ ಎಂದು ಹೇಳಿದ್ದರೆ ಆ ವಿದ್ಯೆ ಊರಿಗೆಲ್ಲ ಗೊತ್ತಾಗಿ ಮುಂದಿನ ವರ್ಷ ನಿನಗೆ ಕೆಲಸಕ್ಕೆ ಬಾರದೇ ಹೋಗುತ್ತಿತ್ತು. ಹಾಳುಮಾಡಲು ಮನಸ್ಸಾಗಲಿಲ್ಲ.

ನಿನ್ನ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ, ಸಂತೋಷ ತಡೆಯಲಾರದೆ. ಅವಳು ಕೇಳುತ್ತ ಕೇಳುತ್ತ ಎದ್ದು ಸೀರೆಗಳನ್ನು ಚೀಲಕ್ಕೆ ತುಂಬಿದಳು. ಕೃತಿಕಾಳಿಗೆ ಅನ್ನ ತಿನ್ನಲು ಕೈ ಏಳುವುದಿಲ್ಲವಂತೆ, ಕಂದಿಕೆರೆಗೆ ಅವರ ಮನೆಗೆ ಹೋಗುತ್ತೇನೆ ಎಂದು ಪಕ್ಕದ ಮನೆಯವರಿಗೆ ಹೇಳಿದಳು. ಯಾವಾಗ ಬರುತ್ತೀಯ ಎಂದು ಕೇಳಿದೆ. ವರ್ಷದ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು ಅದು: "ನಿಮ್ ತಾವ್ಕೂ ಬರಲ್ಲ, ಅವಳ್ ತಾವ್ಕೂ ಹೋಗಲ್ಲ. ಬರ್ದು ತಿಳ್ಸಿ." ತಿಳಿಸಿದ್ದೇನೆ.

ನಿನಗೆ ಬರುವುದು ಒಂದೇ ವಿದ್ಯೆ ಎಂದಿದ್ದೆ. ತಪ್ಪು ಲೆಕ್ಕ. ಬೆಂಚಿನಲ್ಲಿ ವರ್ಷವಿಡೀ ಸುಮ್ಮನೆ ಕೂತು, ಒಂದು ಗಳಿಗೆಗಾಗಿ ಕಾದು, ಒಂದೇ ಏಟಿಗೆ ಮುಗಿಸುವವರು ಸುಲಭಕ್ಕೆ ಸಿಗುವುದಿಲ್ಲ. ಇಂಥದ್ದು ನಿನ್ನಲ್ಲಿದೆ ಎಂದು ಆವತ್ತು ಕಲ್ಯಾಣ ಮಂಟಪದಲ್ಲಿ ಗೊತ್ತಿದ್ದರೆ, ಕೃತಿಕಾ ಗಿತಿಕಾ ಎಲ್ಲರನ್ನೂ ಬಿಟ್ಟು ಮೊದಲ ಸರದಿಗೇ ನಿನ್ನ ಹೆಸರು ಕೂಗುತ್ತಿದ್ದೆ.

ಮನೆಗೆ ಬಾ. ಈಗ ಎರಡು ಕೋಣೆ ಖಾಲಿ ಇವೆ.

ನಿನ್ನ
ಅಪ್ಪಾಜಿ